ಅವ್ವ ಬಡದು ನೋಡಿದ ಕಾರು

೧೬ ನವೆಂಬರ್ ೨೦೨೫, ರವಿವಾರ

ಯಾವ ಕಾರು ತಗೋಬೇಕನ್ನೋದು ತಲಿ ತಿನ್ನಾಕತ್ತಿತ್ತು. ಕಮಲಾಪುರದ ಸಾಲಿಗೆ ಕಲಿಸಾಕ ದಿನಾ ಬಸ್ಸಿನ್ಯಾಗ ಹೋಗಿ ಸಾಕಾಗ್ಯಾದ. ನನ್ನ ನೌಕರಿ ಇನ್ನ ಹದಿನೈದು ವರ್ಷ ಅದ. ಅಲ್ಲೀತನಕ ಒಂದೇ ಗಾಡಿ ನಡೀಬೇಕು.

ಇವತ್ತು ಅವ್ವನ್ನ ಕರಕೊಂಡು ಶೋರೂಮಿಗೆ ಹೋಗಿದ್ದೆ. ಸೇಲ್ಸಿನವರು ದೊಡ್ಡ ಸ್ಕ್ರೀನ್ ತೋರಿಸಾಕತ್ತಿದ್ರು. ಅವ್ವ ಬಜಾರದಾಗ ಮಣ್ಣಿನ ಗಡಗಿ ಬೆಂದದೋ ಇಲ್ಲೋ ನೋಡೋ ಹಂಗ ಬೆರಳು ಮಡಚಿ ಬಾಗಿಲಿಗೆ ಟಕಟಕ ಬಡದು, ಕಿವಿಗೊಟ್ಟು ಕೇಳಿದ್ಳು.

"ಬಾಳಿಕಿ ಬರ್ತದೇನ್ರೀ?"

"ಐದಾರು ವರ್ಷಕ್ಕ ಎಲ್ಲಾರೂ ಬದಲಿ ಮಾಡ್ತಾರ್ರೀ ಅಮ್ಮಾ."

"ನಾ ಕೇಳಿದ್ದು ಅದಲ್ಲ."

ನನಗ ನಾಚಿಕಿ ಆತು. ಇದು ಗಡಗಿ ಅಲ್ಲಬೇ ಅಂದೆ. ಸೇಲ್ಸಿನವರು ನಕ್ರು. ಆದ್ರ ಶೋರೂಮಿನ ಹಿಂದಿದ್ದ ವರ್ಕ್‌ಶಾಪಿನಿಂದ ಬಂದ ಹಳೇ ಮೇಸ್ತ್ರಿ ವಿಠ್ಠಲರಾವ್ ನಗಲಿಲ್ಲ. ಮೂಲ್ಯಾಗಿದ್ದ ಬಿಳಿ ಸಾದಾ ಗಾಡಿ ತೋರಿಸಿದ್ರು.

"ಬಾಯಾರ, ಇದನ್ನ ಬಡದು ನೋಡ್ರಿ. ಇಂಥಾದೇ ನನ್ನದೊಂದು ಅದ. ಹದಿನಾರು ವರ್ಷ ಆತು, ಎಲ್ಲೂ ನಡುದಾರ್ಯಾಗ ನಿಂತಿಲ್ಲ."

ಅವ್ವ ಬಡದ್ಳು. "ಹೂಂ, ಇದು ಬೆಂದದ" ಅಂದ್ಳು.

ನಾಳೆ ಸಾಲಿ ಬಿಟ್ಟ ಮ್ಯಾಲ ಹೋಗಿ ಅದನ್ನೇ ಬುಕ್ ಮಾಡ್ತೀನಿ.

ಇವತ್ತು ಶೋರೂಮಿನಿಂದ ಹೊರಡೋ ಮುಂದ, ಯಾರೂ ನೋಡಲಾರದಂಗ, ನಾನೂ ಒಮ್ಮೆ ಬೆರಳು ಮಡಚಿ ಬಡದೆ. ಆ ಸಪ್ಪಳ ಇನ್ನೂ ಕಿವ್ಯಾಗ ಅದ.