‘ಊಟಕ್ಕೆ ಬಾರೋ’ ಚೀಟಿ

ರಾಜಗೋಪಾಲನಗರ, ಪೀಣ್ಯ
ಬುಧವಾರ, 26 ನವೆಂಬರ್ 2025

ಪ್ರೀತಿಯ ಮಗ ರಾಜೇಂದ್ರನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ? ಹೊಟ್ಟೆ ಉರಿ ಕಡಿಮೆಯಾಯಿತೇ? ನಿನ್ನ ಅತ್ತೆ ಬಸಮ್ಮನವರು ದಿನಾ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸುತ್ತಾರೆಂದು ಕೇಳಿದೆ. ಒಳ್ಳೆಯವರೇ ಇರಬಹುದು. ಆದರೆ ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಆ ಖಾರ ಒಗ್ಗುತ್ತದೆಯೇ ಎಂದು ಒಂದು ದಿನವಾದರೂ ವಿಚಾರಿಸಿದ್ದಾರೆಯೇ? ಮಾವ ಮಡಿವಾಳಪ್ಪನವರ ಬಲಗೈ ಸ್ವಲ್ಪವಾದರೂ ಆಡುತ್ತಿದೆಯೇ? ಸ್ಪೂರ್ತಿ ಹೇಗಿದ್ದಾಳೆ? ಲಕ್ವ ಹೊಡೆದ ಮಾವನನ್ನು ನೋಡಿಕೊಳ್ಳಲು ಎರಡು ತಿಂಗಳಿಗೆಂದು ಹೆಂಡತಿಯ ಜೊತೆ ಬ್ರೂಕ್‌ಫೀಲ್ಡಿಗೆ ಹೋದವನು ನೀನು, ಏಳು ತಿಂಗಳಾಯಿತು. ಒಬ್ಬಳೇ ಮಗಳು, ಅವಳಾದರೂ ಏನು ಮಾಡುತ್ತಾಳೆ ಎಂದು ನಾನು ಸುಮ್ಮನಾಗುತ್ತೇನೆ. ನಿಮ್ಮಪ್ಪ ಸುಮ್ಮನಾಗುವುದಿಲ್ಲ. “ಮಾವನ ಮನೇಲಿ ಉಣ್ಣೋನಿಗೆ ಈ ಮನೇಲಿ ತಟ್ಟೆ ಯಾಕೆ” ಎಂದು ಅವರು ಅಂದದ್ದು, ನೀನು ಮಾತು ಬಿಟ್ಟದ್ದು ಇಬ್ಬರಿಗೂ ಗೊತ್ತು. ನಿನಗೆ ಫೋನ್ ಮಾಡುವುದಿಲ್ಲವೆಂದು ನನ್ನ ಕೈಯಲ್ಲಿ ಆಣೆ ಹಾಕಿಸಿದ್ದಾರೆ. ಕಾಗದ ಬರೆಯುವುದಿಲ್ಲವೆಂದು ಹಾಕಿಸಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾನುವಾರ ನಮ್ಮ ಬೀದಿಯ ರಾಜ್ಯೋತ್ಸವ ಇತ್ತು. ಪ್ರತಿ ವರ್ಷದಂತೆ ಆರ್ಕೆಸ್ಟ್ರಾ. ಬೇಕಾದ ಹಾಡಿನ ಹೆಸರು, ಯಾರಿಗಾಗಿ ಎಂದು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವುದು, ಅವರು ಓದಿ ಹಾಡುವುದು ನೀನೂ ನೋಡಿದ್ದೀಯ. ಆರೂವರೆ ಇರಬಹುದು. ಮೈಕಿನಲ್ಲಿ “ಮುಂದಿನ ಹಾಡು ನಮ್ಮ ಏರಿಯಾದ ರಾಜೇಂದ್ರ ಅವ್ರಿಗೋಸ್ಕರ, ಊಟಕ್ಕೆ ಬಾರೋ!” ಎಂದರು. ನಿಮ್ಮಪ್ಪ ಟವೆಲ್ ಸರಿಮಾಡಿಕೊಂಡು ನೆಟ್ಟಗೆ ಕೂತರು. ತಮಟೆ ಶುರುವಾದ ಕೂಡಲೇ ಯಾವ ಹಾಡೆಂದು ಗೊತ್ತಾಯಿತು. ಈ ವರ್ಷ ಎಲ್ಲ ಆಟೋದಲ್ಲೂ ಕಿರುಚುವ ಆ ಸಿನಿಮಾ ಹಾಡು, ಮಾವನ ಮನೆಯಲ್ಲಿ ಬಿಟ್ಟಿ ಊಟ ಹೊಡೆಯುವ ಅಳಿಯನನ್ನು ಗೇಲಿ ಮಾಡುತ್ತದಲ್ಲ, ಅದು! ಬೀದಿಗೆ ಬೀದಿಯೇ ಶಿಳ್ಳೆ ಹೊಡೆಯಿತು. ಪಕ್ಕದ ಮನೆ ಧನಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಿಮ್ಮಪ್ಪ ಎದ್ದು ಯಾರ ಮುಖವನ್ನೂ ನೋಡದೆ ಮನೆಗೆ ನಡೆದರು. ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. ತಟ್ಟೆಯ ಮುಂದೆ ಕೂರುತ್ತಾರೆ, ಅರ್ಧ ಮುದ್ದೆ ಬಿಟ್ಟು ಕೈ ತೊಳೆಯುತ್ತಾರೆ. ಬೀದಿಯಲ್ಲಿ ಮಾನ ಹೋಯಿತೆಂಬ ಸಂಕಟ ಎಂದು ನನಗೆ ಅರ್ಥವಾಗುವುದಿಲ್ಲವೇ?

ನನಗೆ ಮೊದಲು ಅನುಮಾನ ಬಂದದ್ದು ಧನಲಕ್ಷ್ಮಿಯ ಮೇಲೆ. “ಮಗ ಇನ್ನೂ ಅತ್ತೆ ಮನೇಲೇನಾ ಅಕ್ಕ?” ಎಂದು ಕೇಳದೆ ಅವಳಿಗೆ ಬೆಳಗಾಗುವುದಿಲ್ಲ. ಹುಳಿಪುಡಿಗೆ ಏನೇನು ಹಾಕುತ್ತೀಯ, ಬರೆದುಕೊಡು ಎಂದು ಅವಳ ಅಕ್ಷರ ಸಂಪಾದಿಸಿ, ಚೀಟಿ ಸಿಕ್ಕರೆ ಹೋಲಿಸಲು ಇಟ್ಟುಕೊಂಡಿದ್ದೇನೆ. ಎರಡನೆಯದು ನಿನ್ನ ಚಿಕ್ಕಪ್ಪ ಸಿದ್ದರಾಜು. ನಾನು ಬಾಯಿ ತೆರೆಯುವ ಮೊದಲೇ “ಚೀಟಿ ನಾನ್ ಬರ್ದಿಲ್ಲ ಕಣತ್ಗೆ” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವನ ಅಕ್ಷರವೂ ಈಗ ನನ್ನ ಹತ್ತಿರ ಇದೆ. ಬೇಜಾರು ಮಾಡಿಕೊಳ್ಳಬೇಡ, ಮಂಗಳವಾರ ಒಂದು ಗಳಿಗೆ ನಿನ್ನ ಹೆಂಡತಿಯ ಮೇಲೂ ಸಂಶಯ ಬಂತು. ಈ ಬೀದಿಯವರ ಮುಂದೆ ನಮಗೆ ಅವಮಾನವಾದರೆ ನೀನು ಇತ್ತ ತಲೆಹಾಕುವುದಿಲ್ಲ, ಅಲ್ಲಿಯೇ ಉಳಿಯುತ್ತೀಯ ಎಂದು ಯಾರಾದರೂ ಹೇಳಿಕೊಟ್ಟಿರಬಹುದಲ್ಲ?

ಇನ್ನೊಂದು ಹೊಟ್ಟೆ ಉರಿಯುವ ವಿಷಯ. ಅದೇ ಹೆಸರಿನ ಹಾಡು ನಮ್ಮ ಮನೆಯಲ್ಲೇ ಇತ್ತು. ‘ಊಟಕ್ಕೆ ಬಾರೋ’ ಎಂದು ಮಕ್ಕಳ ಹಾಡಿನ ಕ್ಯಾಸೆಟ್, ಮೊದಲ ಹಾಡಿಗೂ ಅದೇ ಹೆಸರು. ಕಾಗೆ ಬಂತು, ಗುಬ್ಬಿ ಬಂತು, ನೀನೂ ಬಾ ಎಂದು ಕರೆಯುವ ಹಾಡು. ಸಿನಿಮಾದವರಿಗೆ ಬೇರೆ ಹೆಸರು ಸಿಗಲಿಲ್ಲವೇ? ನಿನ್ನೆ ಫೋನಿನಲ್ಲಿ ಹುಡುಕಿದೆ. ಮೊದಲು ಸಿನಿಮಾದ್ದು, ಆಮೇಲೆ ಅದಕ್ಕೆ ಕುಣಿಯುವವರು, ಆಮೇಲೆ ಯಾವುದೋ ಜಾನಪದ ಆಲ್ಬಮ್, ಅದಕ್ಕೂ ಅದೇ ಹೆಸರು, ಕೊನೆಗೆ ಅಡುಗೆ ಮಾಡುವವಳೊಬ್ಬಳು. ನಮ್ಮ ಕ್ಯಾಸೆಟ್ಟಿನದು ಮಾತ್ರ ಎಷ್ಟು ಕೆಳಗೆ ಹೋದರೂ ಇಲ್ಲ. ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂದು ನನ್ನ ಗುಮಾನಿ.

ಇವತ್ತು ಬೆಳಿಗ್ಗೆ ನಾಗಸಂದ್ರಕ್ಕೆ ಹೋಗಿ ಆರ್ಕೆಸ್ಟ್ರಾದ ಕೀಬೋರ್ಡ್ ಅಂಬರೀಶನನ್ನು ಅವನ ಮೊಬೈಲ್ ಅಂಗಡಿಯಲ್ಲೇ ಹಿಡಿದೆ. ಯಾರು ಬರೆದದ್ದೆಂದು ಗೊತ್ತಿಲ್ಲವಂತೆ. “ಚೀಟೀಲಿ ರಾಜೇಂದ್ರ ಅವ್ರ್ ಹೆಸ್ರು, ಹಾಡಿನ್ ಹೆಸ್ರು ಅಷ್ಟೇ ಇತ್ತಮ್ಮ. ನಮಗ್ ಗೊತ್ತಿರೋದು ಒಂದೇ, ಅದನ್ನೇ ಬಾರಿಸ್ದೋ” ಎಂದ. ಚೀಟಿಗಳೆಲ್ಲ ಸ್ಪೀಕರ್ ಪೆಟ್ಟಿಗೆಯಲ್ಲಿವೆ, ಹುಡುಕಿ ಮಧ್ಯಾಹ್ನ ತಲುಪಿಸುತ್ತೇನೆ ಎಂದಿದ್ದಾನೆ. ತಲುಪಿಸುತ್ತಾನೋ, ಇಲ್ಲ ಅವನೂ ಸಿದ್ದರಾಜುವಿನ ಕಡೆಯವನೋ! ಬರೆದವರು ಯಾರೆಂದು ಪತ್ತೆಯಾಗುವವರೆಗೆ ನೀನು ಈ ಬೀದಿಗೆ ಕಾಲಿಡಬೇಡ. ಬಂದರೆ ಎಲ್ಲರೂ ಆ ಹಾಡು ಗುನುಗುತ್ತಾರೆ. ನಿಮ್ಮಪ್ಪನಿಗೆ ಅದನ್ನು ತಡೆಯುವ ಶಕ್ತಿ ಇಲ್ಲ, ನನಗೂ ಇಲ್ಲ. ನಿನ್ನನ್ನು ನೋಡಬೇಕೆಂದು ಪ್ರಾಣ ಹೋಗುತ್ತಿದೆ, ಆದರೂ ಬೇಡ.

ಸ್ಪೂರ್ತಿಗೆ ನನ್ನ ಆಶೀರ್ವಾದ. ಮಡಿವಾಳಪ್ಪನವರಿಗೆ, ಬಸಮ್ಮನವರಿಗೆ ನಮಸ್ಕಾರ. ಹಾಲು ಕುಡಿದು ಮಲಗು, ಮೈ ಕಡೆ ನಿಗಾ ಇರಲಿ.

ನಿನ್ನ ದಾರಿ ಕಾಯುವ
ಅಮ್ಮ ಅನುಸೂಯಮ್ಮ

ಮರೆತ ಮಾತು: ಮೇಲೆ ಬರಬೇಡ ಎಂದು ಬರೆದದ್ದನ್ನು ಹೊಡೆದುಹಾಕು. ಅಂಚೆಗೆ ಹೊರಟಿದ್ದೆ, ಅಂಬರೀಶ ಚೀಟಿ ತಂದುಕೊಟ್ಟ. ಇದರ ಜೊತೆಗಿಟ್ಟಿದ್ದೇನೆ, ತಿರುಗಿಸಿ ನೋಡು. ಲೇತ್ ಯಂತ್ರದಲ್ಲಿ ಕಡೆದ ಬಿಡಿಭಾಗಕ್ಕೆ ಕಟ್ಟುವ ರಟ್ಟು. ಫ್ಯಾಕ್ಟರಿಯಿಂದ ಅದನ್ನು ತಂದು ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆಯುವವರು ಈ ಬೀದಿಯಲ್ಲಿ ಒಬ್ಬರೇ, ನಿಮ್ಮಪ್ಪ. ಅಕ್ಷರವೂ ಅವರದೇ. ‘ರಾಜೇಂದ್ರನಿಗೆ, ಊಟಕ್ಕೆ ಬಾರೋ’. ನಾನು ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಎರಡು ವರ್ಷ ಆ ಕ್ಯಾಸೆಟ್ ಹಾಕಿ ನಿನಗೆ ತುತ್ತಿಟ್ಟವರು ಅವರೇ ಕಣೋ. ಆಟೋದಲ್ಲಿ ಕಿರುಚುವ ಆ ಸಿನಿಮಾ ಹಾಡಿಗೂ ಅದೇ ಹೆಸರೆಂದು ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು? ಯಾರಾದರೂ ನಿನ್ನ ಕಿವಿಗೆ ಹಾಕುತ್ತಾರೆಂದು ಬೀದಿಯವರೆಲ್ಲರ ಮುಂದೆ ನಿನ್ನನ್ನು ಕರೆಯಲು ಹೋದರು, ಹಾಗಾಯಿತು. ನಾನು ಊರನ್ನೆಲ್ಲ ಅನುಮಾನಿಸಿದೆ, ಪಕ್ಕದಲ್ಲಿ ಕೂತವರ ಮುಖ ನೋಡಲಿಲ್ಲ. ಭಾನುವಾರ ಸ್ಪೂರ್ತಿಯನ್ನು ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಬಾ, ಅವಳಿಗೆ ಅವರೆಕಾಳು ಸಾರು ಮಾಡಿರುತ್ತೇನೆ. ಚೀಟಿ ಸಿಕ್ಕಿದ್ದನ್ನು ನಿಮ್ಮಪ್ಪನಿಗೆ ನಾನು ಹೇಳುವುದಿಲ್ಲ. ಅವರು ಕರೆದದ್ದು ನಿನಗೆ ಕೇಳಿಸಿತು ಎಂದು ನೀನೇ ಬಂದು ಹೇಳು.