ಒಣಗಿದ ರಟ್ಟು

ಉಗರಗೋಳ, ನವೆಂಬರ್ ೧೮, ಮಂಗಳವಾರ

ತಮ್ಮನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ನಮ್ಮ ಹಳೆಯ ಟ್ರ್ಯಾಕ್ಟರಿನ ಹಿಂದಿನ ಚಕ್ರ ಬಿಚ್ಚಿ, ಎಣ್ಣೆ ಸೋರುತ್ತಿದ್ದ ಆ್ಯಕ್ಸಲ್‌ಗೆ ಹೊಸ ಸೀಲು ಕೂರಿಸಿದವಳು ನಾನು. ಡಿಪ್ಲೊಮಾದಲ್ಲಿ ತರಗತಿಗೇ ಮೊದಲ ಸ್ಥಾನ ಪಡೆದವಳು. ತಮ್ಮ ಸಂಜು ನಟ್ಟು ಬಿಚ್ಚುವ ಪಾನಾ ಕೊಟ್ಟನಷ್ಟೇ.

ಸಂಜೆ ಪಕ್ಕದ ಮನೆಯ ಹಸನಸಾಬ ಕಾಕಾ ಚಕ್ರದ ಕೆಳಗೆ ಬಗ್ಗಿ ನೋಡಿ ಅಪ್ಪನಿಗೆ, "ನಿಜಗುಣಪ್ಪ, ಒಂದ ಹನಿ ಎಣ್ಣಿ ಇಲ್ಲಲ್ಲೋ! ಯಾರ ಕಡೆ ಮಾಡಿಸಿದಿ?" ಎಂದರು. ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಅಪ್ಪ, "ನಮ್ಮ ಸಂಜೂನ ಮಾಡ್ಯಾನ. ಉಮಾ ಪಾನಾ ಕೊಟ್ಲು" ಎಂದರು. ಸಂಜು ನಗುತ್ತ ತಲೆಯಾಡಿಸಿದ. ನಾನೇ ಸಾರಿಕೊಳ್ಳುವುದು ನನ್ನ ಘನತೆಗೆ ತಕ್ಕುದಲ್ಲ.

ಮತ್ತೆ ಸೋರಿದರೆ ಅವನಿಗೆ ಏನೂ ತೋಚದು. ಅಪ್ಪ ಅವನೆದುರೇ ನನ್ನನ್ನು ಕೂಗಬೇಕಾಗುತ್ತದೆ. ಆ ಆಸೆಯಿಂದಲೇ, ಹನಿ ಬಿದ್ದರೆ ಕಲೆ ಕಾಣಲೆಂದು ಚಕ್ರದ ಕೆಳಗೆ ರಟ್ಟು ಹಾಸಿದ್ದೆ. ಈಗಷ್ಟೇ ನೋಡಿ ಬಂದೆ, ಒಣಗಿಯೇ ಇದೆ. ನಾನು ಕೂರಿಸಿದ ಸೀಲು ಸೋರಲಾರದೆಂದು ನನಗೆ ತಿಳಿಯದೇ? ಆದರೂ ಬೆಳಿಗ್ಗೆ ಎದ್ದವಳೇ ಇನ್ನೊಮ್ಮೆ ರಟ್ಟು ನೋಡಬೇಕು.