ಪಡ್ಡಿನ ಕಾವಲಿಯಲ್ಲಿ ಸೀಸ

ರೀ,

ಚನ್ನರಾಯಪಟ್ಟಣಕ್ಕೆ ಅಣ್ಣನ ಮನೆಗೆ ಹೋಗ್ತಿದೀನಿ, ಸಂಜೆ ಬಸ್ಸಿಗೆ ಬರ್ತೀನಿ. ಸಾರು ಮಾಡಿಟ್ಟಿದೀನಿ, ಅನ್ನಕ್ಕೆ ಮಾತ್ರ ಇಟ್ಕೊಳ್ಳಿ.

ಬೆಳಿಗ್ಗೆ ಪಡ್ಡು ಹಾಕೋಣ ಅಂತ ಕಾವಲಿ ತೆಗೆದರೆ ಗುಳಿಯೊಳಗೆಲ್ಲ ಬೆಳ್ಳಿ ಹಾಗೆ ಫಳಫಳ! ಹಳೇ ಬ್ಯಾಟರಿ ಸೀಸ ಕರಗಿಸಿ ಅದರಲ್ಲಿ ಹುಯ್ದು, ಆಮೇಲೆ ತೊಳೆದು ಅಡುಗೆಮನೆ ಮೊಳೆಗೇ ನೇತುಹಾಕಿದೀರಲ್ಲ. ಸೀಸ ವಿಷ ಅಂತ ನಮ್ಮ ಬ್ಯಾಟರಿ ಅಂಗಡಿಗೆ ಬಂದೋರಿಗೆಲ್ಲ ಹೇಳೋರು ನೀವೇ ತಾನೆ? ಹಿತ್ತಲಲ್ಲಿ ನಿಮ್ಮ ಡ್ರಮ್ಮಿನ ಕುಲುಮೆ ಪಕ್ಕ ಇಟ್ಟಿದೀನಿ. ಇನ್ನು ಆ ಕಾವಲಿ ನಿಮ್ಮದು, ಒಳಗೆ ಬರಕೂಡದು. ನನಗೆ ಹೊಸದು ತರ್ತೀನಿ.

ಮೋಡ ಕವಿದಿದೆ. ಹನಿ ಬಿದ್ದರೆ ಕುಲುಮೆ ಹಚ್ಚಬೇಡಿ, ಕಾದ ಸೀಸಕ್ಕೆ ನೀರು ತಾಗಿದರೆ ಮುಖಕ್ಕೇ ಸಿಡಿಯುತ್ತೆ.

ಆದರೂ ಒಂದು ಮಾತು. ಗ್ಯಾರೇಜಿನವರು ಬೇಡ ಅಂತ ಚೆಲ್ಲೋ ಕರಿ ಆಯಿಲ್ಲು, ಒಂದು ತೂತು ಡ್ರಮ್ಮು, ಗಾಳಿ ಊದೋ ಒಂದು ಬ್ಲೋವರು, ಇಷ್ಟರಲ್ಲೇ ನಿನ್ನೆ ಕುಲುಮೆ ಹೊಗೆಯಿಲ್ಲದೆ ಭುಗಿಲೆಂದು ಉರೀತಲ್ಲ! ಸೊಪ್ಪು ಬಿಡಿಸೋದನ್ನೂ ಮರೆತು ನೋಡ್ತಾ ನಿಂತಿದ್ದೆ.

"ನಿನ್ ಗಂಡನ ಡ್ರಮ್ಮಲ್ಲಿ ಬರೀ ಹೊಗೆ ಬತ್ತದೆ ಕಣಮ್ಮಿ, ಸೀಸ ಕರಗಕ್ಕಿಲ್ಲ" ಅಂದಿದ್ದ ಅಣ್ಣ. ನಿಮ್ಮ ಸೀಸದ ಪಡ್ಡು ಒಂದನ್ನು ಪ್ಲಾಸ್ಟಿಕ್ಕಲ್ಲಿ ಸುತ್ತಿ ಚೀಲಕ್ಕೆ ಹಾಕ್ಕೊಂಡಿದೀನಿ. ಅವನ ಅಂಗೈ ಮೇಲೆ ಇಡ್ತೀನಿ, ಭಾರ ನೋಡಲಿ.

ಸುವರ್ಣ